ಹೂ ಕೊಡದ ವೀರಪ್ಪ

ಭಾವ, ನಿಮ್ಮ ಹೊಲದ ಬೇವಿನ ಮರದ ಕೆಳಗೆ ನಿಂತಿರುವುದು ನಿಮ್ಮ ವೀರಪ್ಪನಲ್ಲ. ಅದು ಕಲ್ಲೇ ಅಲ್ಲ. ಒಳಗೆ ಕಾಂಕ್ರೀಟು ತುಂಬಿದ ಫೈಬರ್ ಬೊಂಬೆ — ಪಿಲ್ಲಗುಂಪೆಯ ಒಂದು ಶೆಡ್ಡಿನಲ್ಲಿ ಎರಕ ಹೊಯ್ದು, ಬಣ್ಣ ಬಳಿದು, ಸಿನಿಮಾ ಚಿತ್ರೀಕರಣಕ್ಕೆಂದು ತಂದದ್ದು. ಅದನ್ನು ಅಲ್ಲಿ ನಿಲ್ಲಿಸಿದವನು ನಾನು. ನಿಮ್ಮ ನಿಜವಾದ ವೀರಪ್ಪ ಮೂರು ತುಂಡಾಗಿ ದೊಡ್ಡಬಳ್ಳಾಪುರದ ನನ್ನ ಮನೆಯ ಹಿತ್ತಿಲಲ್ಲಿ, ನೀರಿನ ಸಂಪಿನ ಪಕ್ಕ, ನೀಲಿ ಟಾರ್ಪಾಲಿನ ಕೆಳಗೆ ಬಿದ್ದಿದ್ದಾನೆ. ಒಡೆದವನೂ ನಾನೇ. ಕೈಯಿಂದಲ್ಲ, ಬಾಯಿಂದ.

ಇದನ್ನು ಆವತ್ತೇ ನಿಮ್ಮ ಎದುರು ನಿಂತು ಹೇಳಬೇಕಾಗಿತ್ತು. ಎದುರಿಗೆ ನಿಂತರೆ ನಾನು ಮೇಷ್ಟ್ರಾಗಿಬಿಡುತ್ತೇನೆ — ಗಂಟಲು ಸರಿಮಾಡಿಕೊಂಡು, ಹಿನ್ನೆಲೆ ವಿವರಿಸಿ, ಕಾರಣಗಳನ್ನು ಜೋಡಿಸಿ, ಕೊನೆಗೆ ತಪ್ಪು ಯಾರದ್ದೂ ಅಲ್ಲ ಎನ್ನುವ ಹಾಗೆ ಮಾಡಿಬಿಡುತ್ತೇನೆ. ವರ್ಷಗಟ್ಟಲೆ ಕಾಲೇಜಿನಲ್ಲಿ ಇತಿಹಾಸ ಹೇಳಿದವನಿಗೆ ಅದೇನು ಕಷ್ಟದ ಕೆಲಸವಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ಬೇರೆ ಯಾರ ಕಣ್ಣಿಗಾದರೂ ಬಿದ್ದರೆ ಅವರಿಗೂ ತಿಳಿಯಲಿ ಎಂದು, ನಿಮಗೆ ಗೊತ್ತಿರುವ ಮಾತುಗಳನ್ನೂ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನೀವು, ಕೆಂಪಣ್ಣ, ನನ್ನ ಅಕ್ಕ ಜಯಮ್ಮನ ಗಂಡ. ಸಾಸಲಿನ ಪಕ್ಕದಲ್ಲಿ ನಿಮ್ಮ ರಾಗಿ ಹೊಲ, ಹೊಲದ ಅಂಚಿಗೆ ಬೇವಿನ ಮರ, ಮರದ ಕೆಳಗೆ ಸೊಂಟದೆತ್ತರದ ವೀರಗಲ್ಲು. ಕಲ್ಲಿನ ನಡುವೆ ಬಿಲ್ಲು ಹಿಡಿದ ಒಬ್ಬ ವೀರ, ಅವನ ಹಿಂದೆ ಹಸುಗಳು, ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು, ಸವೆದುಹೋದ ಎರಡು ಸಾಲು ಅಕ್ಷರ. ನಿಮ್ಮ ಮನೆತನಕ್ಕೆ ಅವನೇ ಹಿರೀಕ. ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೆ ವೀರಪ್ಪ ಅಂತ ಕರೆದದ್ದು. ನಾನು ಎಂ.ಎ. ಓದುತ್ತಿದ್ದಾಗ ಆ ಅಕ್ಷರಗಳ ಮೇಲೆ ಅಕ್ಕಿಹಿಟ್ಟು ತಿಕ್ಕಿ, ಕೆಲವು ಸಂಜೆ ಕುಳಿತು ಓದಿ ಹೇಳಿದ್ದೆ — ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿ ತಂದು ಇಲ್ಲಿ ಸತ್ತವನು ಇವನು ಎಂದು. ನೀವು, "ನಮ್ಮೋನು ದನ ಬಿಡ್ಸೋಕೋಗಿ ಸತ್ತನಾ? ಹಂಗಾರೆ ಒಳ್ಳೆ ಮನ್ಸನೇ ಬಿಡು" ಎಂದಿರಿ. ಅವತ್ತಿನಿಂದ ನಿಮ್ಮ ಕಣ್ಣಿಗೆ ನಾನು ದೊಡ್ಡವನಾದೆ.

ವೀರಪ್ಪನ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಒಂದು ಕಟ್ಟಳೆ: ಕಲ್ಲಿಗೆ ಕಬ್ಬಿಣ ತಾಕಬಾರದು. ಕಬ್ಬಿಣದಿಂದ ಸತ್ತವನಿಗೆ ಮತ್ತೆ ಕಬ್ಬಿಣ ಯಾಕೆ ತೋರಿಸುವುದು ಎಂದು ನಿಮ್ಮ ಅಜ್ಜಿ ಹೇಳುತ್ತಿದ್ದರಂತೆ. ಸುತ್ತ ಕಳೆ ಕೀಳುವುದಾದರೂ ಕೈಯಲ್ಲೇ. ಇನ್ನೊಂದು, ಹೂ ಕೇಳುವುದು. ಮನೆಯಲ್ಲಿ ಏನೇ ಹೊಸದು ಆಗಬೇಕಾದರೂ ಸೋಮವಾರ ಬೆಳಿಗ್ಗೆ ಅವನ ಎದೆಯ ಎರಡು ಬದಿಗೆ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸಿ, ಕೈಮುಗಿದು ಕಾಯುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಎಂದು. ಬೋರ್‌ವೆಲ್ ಕೊರೆಸುವ ಜಾಗ ಕೇಳಿದ್ದು ಅಲ್ಲೇ. ನಮ್ಮ ಅಕ್ಕನನ್ನು ತಂದುಕೊಳ್ಳಬಹುದಾ ಎಂದು ಕೇಳಿದ್ದೂ ಅಲ್ಲೇ. ಅಕ್ಕ ಈಗಲೂ ಜಗಳ ಬಂದಾಗ ನಿಮ್ಮನ್ನು ಹಂಗಿಸುತ್ತಾಳಲ್ಲ, "ನಾನೇನು ಬಿದ್ದು ಬಂದೋಳಲ್ಲ, ಹೂ ಬಿದ್ದು ಬಂದೋಳು" ಅಂತ.

ನಾನು ಹೂವನ್ನು ನಂಬಿದವನಲ್ಲ. ನೀರಿನ ಪಸೆ ಆರಿದರೆ ಹೂ ಬೀಳುತ್ತದೆ, ಅಷ್ಟೇ. ಈಗಲೂ ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ನಾನು ಅಡಗಿಕೊಂಡದ್ದು ಇದೇ ಮಾತಿನ ಮರೆಯಲ್ಲಿ.

ನನ್ನ ಒಂದು ಚಾಳಿ ನಿಮಗೆ ಗೊತ್ತು. ಟೀವಿಯಲ್ಲಿ ರಾಜರ ಕಾಲದ ಹೊಡೆದಾಟದ ಸಿನಿಮಾ ಬಂದರೆ ನಾನು ಕುಳಿತು ನೋಡುವವನಲ್ಲ, ಎದ್ದು ಬಯ್ಯುವವನು. ಸಾವಿರ ವರ್ಷದ ಹಿಂದಿನ ಸೈನ್ಯಕ್ಕೆ ಅಡುಗೆ ಮಾಡುವಾಗ ಒಣಮೆಣಸಿನಕಾಯಿ ರಾಶಿ — ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಎಷ್ಟೋ ನೂರು ವರ್ಷ ಆಮೇಲೆ, ಪರಂಗಿಯವರ ಹಡಗಿನಲ್ಲಿ. ಕನ್ನಡ ನಾಡಿನ ದಂಡನಾಯಕನ ತಲೆಯ ಮೇಲೆ ಕೆಂಪು ಕುಚ್ಚಿನ ಯುರೋಪಿನ ಶಿರಸ್ತ್ರಾಣ. ಒಬ್ಬನೇ ಇಪ್ಪತ್ತು ಜನರನ್ನು ಒಂದೇ ಏಟಿಗೆ ಹಾರಿಸುವುದು. ನಿಮ್ಮ ಮಗಳು ಶೋಭಾ, "ಮಾಮ, ಒಂದ್ಸಲ ಸುಮ್ನೆ ನೋಡು, ನಿನ್ನಿಂದ ಹೀರೋ ಗೆಲ್ಲೋದೂ ಡೌಟು" ಎಂದು ರಿಮೋಟ್ ಕಿತ್ತುಕೊಳ್ಳುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಆಗ ನಮಗೆ ನಗು ಬರುತ್ತಿತ್ತು.

ಹೀಗಿರುವಾಗ ಸಿನಿಮಾದವರೇ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದರು. ಗಂಗರ ಕಾಲದ ಒಂದು ಕದನ, ದೊಡ್ಡ ನಟ, ಸಾಸಲು ಕಡೆಯ ಒಂದು ಒಣಗಿದ ಕೆರೆ ಅಂಗಳದಲ್ಲಿ ಯುದ್ಧದ ಚಿತ್ರೀಕರಣ. ನಿರ್ದೇಶಕರು ಕೈಹಿಡಿದು, "ಸಾರ್, ಒಂದು ತಪ್ಪೂ ಇರಬಾರದು, ನಿಮ್ಮ ಹೆಸರು ಟೈಟಲ್‌ನಲ್ಲಿ ಹಾಕ್ತೀವಿ" ಎಂದರು. ಇತಿಹಾಸ ಸಲಹೆ — ಅದರ ಕೆಳಗೆ ನನ್ನ ಹೆಸರು. ಭಾವ, ಜೀವನದಲ್ಲಿ ನನಗೆ ಆಸೆ ಹುಟ್ಟಿಸಿದ ವಸ್ತುಗಳು ಕಡಿಮೆ. ಇದು ಹುಟ್ಟಿಸಿತು.

ಕೆರೆ ಅಂಗಳದಲ್ಲಿ ನನ್ನ ದರ್ಬಾರು ನೀವೇ ನೋಡಿದ್ದೀರಿ. ಹಿಂದೆ ನೀಲಗಿರಿ ತೋಪು ಕಾಣುತ್ತಿದೆ ಎಂದು ಕ್ಯಾಮೆರಾ ತಿರುಗಿಸಿದೆ, ಆ ಮರ ಆಗ ಇಲ್ಲಿ ಇರಲೇ ಇಲ್ಲ ಎಂದು. ತಿರುಗಿಸಿದ ಕಡೆ ಮುಸುಕಿನ ಜೋಳದ ಹೊಲ ಬಂತು, ಅದೂ ಆಗ ಇರಲಿಲ್ಲ, ಮತ್ತೆ ತಿರುಗಿಸಿದೆ. ಮೂರನೆಯ ಕಡೆ ಹೈಟೆನ್ಷನ್ ತಂತಿ. ದೇವನಹಳ್ಳಿಯಿಂದ ಎದ್ದ ವಿಮಾನ ತಲೆ ಮೇಲೆ ಹೋಗುವಾಗೆಲ್ಲ ಗಂಗರೂ ಅವರ ಶತ್ರುಗಳೂ ಕತ್ತಿ ಕೆಳಗಿಟ್ಟು ಕಾಯುತ್ತಿದ್ದರು. ಮೆಣಸಿನಕಾಯಿ ಎತ್ತಿಸಿದೆ, ಕುಚ್ಚು ಕತ್ತರಿಸಿದೆ. ಒಂದು ಮಾತ್ರ ಬಿಟ್ಟೆ. ಕಥೆಯಲ್ಲಿ ನಿಮ್ಮ ವೀರಪ್ಪನನ್ನೇ ನಾಯಕನನ್ನಾಗಿ ಮಾಡಿ, ಅವನು ಸಾಮ್ರಾಜ್ಯಕ್ಕಾಗಿ ಸಾವಿರ ಕುದುರೆಗಳ ಎದುರು ನಿಂತು ಸತ್ತ ಎಂದು ಬರೆದುಕೊಂಡಿದ್ದರು. ಹಸುಗಳ ಸುದ್ದಿಯೇ ಇಲ್ಲ. ಹಸು ಬಿಡಿಸಿದವನ ಮೇಲೆ ಇಷ್ಟು ಬಂಡವಾಳ ಯಾರು ಹಾಕುತ್ತಾರೆ ಎಂದರು. ಮೆಣಸಿನಕಾಯಿಗೆ ಜಗಳವಾಡಿದವನು ಅದಕ್ಕೆ ತಲೆಯಾಡಿಸಿದೆ. ಅಷ್ಟು ದೊಡ್ಡ ಸುಳ್ಳನ್ನು ತಿದ್ದಲು ಹೋದರೆ ನನ್ನನ್ನೇ ತೆಗೆದುಹಾಕುತ್ತಾರೆ ಎಂದು ಗೊತ್ತಿತ್ತು.

ನಾಯಕ ಸತ್ತ ಮೇಲೆ ಅವನ ಹೆಸರಿನ ವೀರಗಲ್ಲು ತೋರಿಸುವುದು ಕೊನೆಯ ದೃಶ್ಯ. ಅದಕ್ಕೆಂದು ಅವರು ಮೊದಲೇ ನಿಮ್ಮ ಹೊಲಕ್ಕೆ ಬಂದು ಕಲ್ಲಿನ ಅಚ್ಚು ತೆಗೆದುಕೊಂಡು ಹೋಗಿ ಫೈಬರಿನಲ್ಲಿ ನಕಲು ಮಾಡಿಸಿ ತಂದಿದ್ದರು. ನೀವು ಅದನ್ನು ಬೆರಳಲ್ಲಿ ತಟ್ಟಿ, "ಟೊಳ್ಳು ವೀರಪ್ಪ" ಎಂದು ನಕ್ಕಿದ್ದಿರಿ. ಅದರಲ್ಲೇ ಮುಗಿದಿದ್ದರೆ — ಆದರೆ ನಾನು ಬಿಡಲಿಲ್ಲ. ಸಾವಿರ ವರ್ಷದ ಮಳೆ ಬಿಸಿಲಿನ ಸವೆತ ಫೈಬರಿಗೆ ಎಲ್ಲಿಂದ ಬರಬೇಕು, ನಿಜವಾದ ಕಲ್ಲು ಇಲ್ಲೇ ಕೂಗಳತೆಯಲ್ಲಿರುವಾಗ ನಕಲು ತೋರಿಸುವುದು ಇತಿಹಾಸಕ್ಕೆ ಮಾಡುವ ಅವಮಾನ, ಎಂದೆ. ಹೊಲದಲ್ಲೇ ಚಿತ್ರೀಕರಿಸೋಣ ಎಂದರೆ ಹಿಂದೆ ಪಕ್ಕದ ಹೊಲದ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಕಾಣುತ್ತಿತ್ತು. ಹಾಗಾದರೆ ಕಲ್ಲನ್ನೇ ಕೆರೆಗೆ ತರೋಣ ಎಂದವನು ನಾನು. ಅವರು ಕೇಳಿರಲೂ ಇಲ್ಲ.

ನೀವು ತುಂಬ ಯೋಚನೆ ಮಾಡಿದಿರಿ. ಹೂ ಕೇಳೋಣ ಎಂದಿರಿ. ಸೋಮವಾರಕ್ಕೆ ಕಾಯುವಷ್ಟು ಪುರುಸೊತ್ತು ಅವರಿಗಿಲ್ಲ ಎಂದೆ. ಕೊನೆಗೆ ಒಪ್ಪಿದ್ದು ನನ್ನ ಮುಖ ನೋಡಿ.

"ಅವನ ಅಕ್ಷರ ಓದಿ ಹೇಳ್ದೋನು ನೀನು. ನೀನು ಮುಟ್ಟಿದ್ರೆ ನಾನು ಮುಟ್ಟಿದಂಗೆ. ಕಬ್ಬಿಣ ಒಂದು ತಾಕಿಸ್ಬೇಡ ಕಣಪ್ಪ, ಅಷ್ಟೇ."

ಬಿದಿರಿನ ಬೊಂಬು, ತೆಂಗಿನ ನಾರಿನ ಹಗ್ಗ. ಊರಿನ ಹತ್ತು ಹನ್ನೆರಡು ಜನ ಹೆಗಲು ಕೊಟ್ಟು ಹೊತ್ತರು, ಮುಂದೆ ನೀವು ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆದಿರಿ. ಮಾರನೆಯ ದಿನ ಬೆಳಿಗ್ಗೆ ದೃಶ್ಯ ತೆಗೆದದ್ದಾಯಿತು. ಅವತ್ತೇ ನೀವು, ಅಕ್ಕ, ನೆಂಟರೆಲ್ಲ ಸೇರಿ ತ್ಯಾಮಗೊಂಡ್ಲಿಗೆ ಹೊರಟಿದ್ದಿರಿ — ಶೋಭಾಳಿಗೆ ನೋಡಿದ್ದ ಲೋಕೇಶನ ಮನೆಗೆ ಮಾತುಕತೆಗೆ. ಹುಡುಗನದು ತೆಂಗಿನ ತೋಟ, ಒಳ್ಳೆಯ ಜನ, ಎಲ್ಲಕ್ಕಿಂತ ಶೋಭಾಳಿಗೆ ಅವನ ಮೇಲೆ ಮನಸ್ಸಿತ್ತು. ವ್ಯಾನು ಹತ್ತುವಾಗ ನೀವು, "ವೀರಪ್ಪನ್ನ ಹೊತ್ತೊಯ್ದಂಗೇ ವಾಪಸ್ಸು ಕುಂಡ್ರಿಸ್ಬಿಡು, ಜವಾಬ್ದಾರಿ ನಿಂದು" ಎಂದಿರಿ. ನಾನು ಆಗಲಿ ಎಂದೆ.

ಮಧ್ಯಾಹ್ನ ಕಲ್ಲನ್ನು ಹಿಂದಿರುಗಿಸಲು ನೋಡಿದರೆ ಹೊರುವವರೇ ಇಲ್ಲ. ಅವರೆಲ್ಲ ಸೈನಿಕರಾಗಿಬಿಟ್ಟಿದ್ದರು. ಜನ ಸಾಲದು ಎಂದು ನಮ್ಮ ಊರಿನವರಿಗೇ ಕವಚ ತೊಡಿಸಿ, ಮೀಸೆ ಅಂಟಿಸಿ, ಕೆರೆಯ ಆಚೆ ತುದಿಯಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟಿದ್ದರು. ಸಂಜೆಯವರೆಗೆ ಬಿಡಲಾಗದು ಎಂದರು. ಸಂಜೆಯವರೆಗೆ ಕಾಯಬಹುದಿತ್ತು. ಹಸಿವಾಗಿತ್ತು, ಬಿಸಿಲಿತ್ತು. ಕೆರೆಯ ಮಣ್ಣು ಸಮ ಮಾಡಲು ತಂದಿದ್ದ ಜೆಸಿಬಿಯವನು ಹತ್ತಿರ ಬಂದು, "ಸಾರ್, ಬೆಲ್ಟ್ ಹಾಕಿ ಎತ್ಬಿಡ್ಲಾ? ಐದು ನಿಮಿಷದ ಕೆಲ್ಸ" ಎಂದ.

"ಎತ್ತು" ಎಂದೆ.

ಒಂದೇ ಮಾತು. ಅವನು ಮತ್ತೊಮ್ಮೆ ಕೇಳಿದ್ದರೆ, ಅಥವಾ ನಾನು — ಇಲ್ಲ, ಅವನು ಯಾಕೆ ಕೇಳಬೇಕು. ಕಟ್ಟಳೆ ಗೊತ್ತಿದ್ದವನು ನಾನು. ಕೆರೆ ಏರಿ ಹತ್ತುವಾಗ ಬೆಲ್ಟು ಜಾರಿತು. ಅವನು ಬಕೆಟ್ಟಿನಲ್ಲಿ ತಡೆಯಲು ಹೋದಾಗ ಅದರ ಕಬ್ಬಿಣದ ಹಲ್ಲು ಕಲ್ಲಿಗೆ ತಾಕಿತು. ವೀರಪ್ಪ ತೂಬಿನ ಕಲ್ಲಿನ ಮೇಲೆ ಬಿದ್ದ. ಸದ್ದು ಅಷ್ಟೇನೂ ಆಗಲಿಲ್ಲ. ಮೂರು ತುಂಡು. ನಡುವಿನ ತುಂಡಿನಲ್ಲಿ ಅವನ ಎದೆ, ಬಿಲ್ಲು, ಕೆಳಗಿನದರಲ್ಲಿ ಹಸುಗಳು.

ನನಗೆ ಏನೂ ಅನ್ನಿಸಲಿಲ್ಲ, ಭಾವ. ಇದು ನಿಮಗೆ ತಿಳಿಯಬೇಕು. ಅಳು ಬರಲಿಲ್ಲ. ಬಹಳ ಹೊತ್ತು ಕಾಲು ಮಡಿಸಿ ಕುಳಿತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಹಿಡಿಯಿತು. ಆ ಜೋಮು ಇವತ್ತಿನವರೆಗೂ ಬಿಟ್ಟಿಲ್ಲ. ಮೊದಲು ನೆನಪಾದದ್ದು ಟೈಟಲ್ಲಿನ ನನ್ನ ಹೆಸರು. ಆಮೇಲೆ ನೀವು ಸಂಜೆ ಬರುತ್ತೀರಿ ಎಂಬುದು.

ಕಲಾ ವಿಭಾಗದ ಯಜಮಾನ ಓಡಿ ಬಂದು, ತಲೆ ಕೆರೆದುಕೊಂಡು, ನನ್ನ ಕಿವಿಯ ಹತ್ತಿರ ಹೇಳಿದ: "ಸಾರ್, ನಮ್ ಹತ್ರ ಫೈಬರ್ ಇದೆಯಲ್ಲ. ಕಾಂಕ್ರೀಟ್ ತುಂಬಿ ನಿಲ್ಲಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

ನಾನು ಆ ನಕಲಿನ ಸುತ್ತ ಒಂದು ಸುತ್ತು ಬಂದೆ. ಆಗಲೂ, ಆ ಗಳಿಗೆಯಲ್ಲೂ, ನನ್ನ ಚಾಳಿ ಬಿಡಲಿಲ್ಲ — ತಿದ್ದಿದೆ. ಎದೆಯ ಹತ್ತಿರ ತೀರ ನುಣುಪಾಗಿದೆ, ಹಳೆಯ ಕಲ್ಲು ಹೀಗಿರುವುದಿಲ್ಲ, ಅಂಟು ಬಳಿದು ಮರಳು ಎರಚಿ ಒರಟು ಮಾಡಿ ಎಂದೆ. ಅವರು ಹಾಗೇ ಮಾಡಿದರು. ನಿಜವಾದ ಕಲ್ಲಿನಲ್ಲಿ ಅವನ ಎದೆ ನುಣುಪಾಗಿಯೇ ಇತ್ತು. ಎಷ್ಟು ತಲೆಮಾರಿನ ಕೈಗಳು ಅಲ್ಲಿ ನೀರು ಸವರಿ ಹೂ ಅಂಟಿಸಿದ್ದವೋ, ಆ ಕೈಗಳಿಂದ ಆದ ನುಣುಪು ಅದು. ಅಚ್ಚಿನಲ್ಲಿ ಅದು ಸರಿಯಾಗಿಯೇ ಬಂದಿತ್ತು. ಕಲ್ಲಿನ ಅಕ್ಷರ ಓದಿದ್ದೆ, ಎದೆಯನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ. ನಕಲನ್ನು ಬೇವಿನ ಕೆಳಗೆ ನಿಲ್ಲಿಸಿ, ಎಣ್ಣೆ ಸವರಿ, ಅರಿಸಿನ ಕುಂಕುಮ ಬಳಿಸಿದೆ. ತುಂಡುಗಳನ್ನು ಸಿನಿಮಾದವರ ಲಾರಿಯಲ್ಲೇ ನನ್ನ ಮನೆಗೆ ಸಾಗಿಸಿದೆ.

ಸಂಜೆ ನೀವು ಬಂದಿರಿ. ಗಂಡಿನವರು ಒಪ್ಪಿದ್ದರು. ಅಕ್ಕ ಸೀದಾ ಹೊಲಕ್ಕೆ ಬಂದು ಕಲ್ಲಿಗೆ ಹಣೆ ಒತ್ತಿ ನಿಂತಳು. ಆಮೇಲೆ ಅಂಗೈ ಇಟ್ಟು ನೋಡಿ, "ಇದ್ಯಾಕೆ, ಯಾವಾಗ್ಲೂ ತಣ್ಣಗಿರೋನು ಬೆಚ್ಚಗಾಗವ್ನೆ" ಎಂದಳು.

"ಸಿನಿಮಾದೋರು ದೀಪ ಹಾಕಿದ್ರಲ್ಲಕ್ಕ, ಇನ್ನೂ ಕಾವು ಆರಿಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ನೀವು ನಕಲು ಏನಾಯಿತು ಎಂದು ಕೇಳಿದಿರಿ. ಅದೇ ಒಡೆದುಹೋಯಿತು, ನಾನು ಮನೆಗೆ ಹಾಕಿಸಿಕೊಂಡೆ ಎಂದೆ.

ಮುಂದಿನ ಸೋಮವಾರ ಶೋಭಾಳ ಮದುವೆಗೆ ಹೂ ಕೇಳಿದಿರಿ. ನಾನೂ ಇದ್ದೆ. ಎರಡು ಕಣಗಿಲೆ ಅಂಟಿಸಿದಿರಿ. ಹೊತ್ತು ಏರಿತು. ಎಡದ್ದೂ ಬೀಳಲಿಲ್ಲ, ಬಲದ್ದೂ ಬೀಳಲಿಲ್ಲ. ಆ ಮರಳಿನ ಒರಟಿಗೆ ಎಸಳು ಕಚ್ಚಿಕೊಂಡು ಅಲ್ಲೇ ಬಾಡಿತು, ಅಲ್ಲೇ ಒಣಗಿತು. ನೀವು ನೀರೂ ಕುಡಿಯದೆ ಹೊತ್ತು ಮುಳುಗುವ ತನಕ ಕುಳಿತಿದ್ದಿರಿ. ಬೇಡ ಎಂದಿದ್ದರೂ ಸರಿ, ಒಂದು ಮಾತು ಅಂತ ಆಗುತ್ತಿತ್ತು. ನಿಮ್ಮ ಮನೆತನದಲ್ಲಿ ವೀರಪ್ಪ ಏನೂ ಹೇಳದೆ ಇದ್ದದ್ದೇ ಇಲ್ಲ. ಅದರ ಮುಂದಿನ ಸೋಮವಾರವೂ ಹಾಗೇ. ಅದರ ಮುಂದಿನದೂ.

ಅಪ್ಪಣೆ ಇಲ್ಲದೆ ಶಾಸ್ತ್ರ ಹೇಗೆ ಎಂದು ನೀವು ಮುಂದೂಡಿದಿರಿ. ಲೋಕೇಶನ ಮನೆಯವರು ಒಂದು ಸುಗ್ಗಿ ಕಾದರು. ಮತ್ತೂ ಎಷ್ಟು ದಿನ ಅಂತ ಕಾಯುತ್ತಾರೆ ಅವರು. ಅವನ ಮದುವೆ ನೆಲಮಂಗಲದ ಕಡೆಯ ಹುಡುಗಿಯ ಜೊತೆ ಆಯಿತು. ಶೋಭಾ ಅಳಲಿಲ್ಲ. ಒಂದು ವಾರ ರಾಗಿ ಬೀಸುವ ಗಿರಣಿಗೂ ಅವಳೇ ಹೋಗಿ ಬಂದಳು, ಬೇಡ ಎಂದರೂ. ಆಮೇಲೆ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಹಿಡಿದು ಹೊಸಕೋಟೆಯಲ್ಲಿ ರೂಮು ಮಾಡಿಕೊಂಡಳು.

ಇಷ್ಟರೊಳಗೆ ಸಿನಿಮಾ ಬಿಡುಗಡೆಯಾಯಿತು. ನೀವು ಟೆಂಪೋ ಮಾಡಿಸಿಕೊಂಡು ಊರವರನ್ನು ದೊಡ್ಡಬಳ್ಳಾಪುರದ ಟಾಕೀಸಿಗೆ ಕರೆತಂದಿರಿ. ನನ್ನ ಹೆಸರು ಪರದೆಯ ಮೇಲೆ ಬಂದಾಗ ಶಿಳ್ಳೆ ಹಾಕಿದವರು ನೀವೊಬ್ಬರೇ. ಕೊನೆಯ ದೃಶ್ಯಕ್ಕೆ ನಾನು ಕಾದೆ. ನಾಯಕ ಸತ್ತ, ಆಕಾಶ ತೋರಿಸಿದರು, ಮುಗಿಯಿತು. ಕಲ್ಲಿನ ದೃಶ್ಯವನ್ನೇ ಕತ್ತರಿಸಿ ಹಾಕಿದ್ದರು. ಉದ್ದವಾಯಿತಂತೆ.

ನೀವು ಚಪ್ಪಲಿ ಬಿಟ್ಟದ್ದು ಆಮೇಲೆ. ಹೊಲಕ್ಕೂ ಬರಿಗಾಲು, ಸಂತೆಗೂ ಬರಿಗಾಲು, ಬ್ಯಾಂಕಿಗೂ ಬರಿಗಾಲು. ಯಾಕೆ ಎಂದರೆ ಹೇಳುತ್ತಿರಲಿಲ್ಲ. ಒಂದು ದಿನ ನಮ್ಮ ಮನೆಗೆ ಬಂದಿರಿ. ಕಾಲು ತೊಳೆಯಲು ಹಿತ್ತಿಲಿಗೆ ಹೋದಿರಿ. ನಾನು ಹಿಂದೆಯೇ ಬಂದೆ. ಟಾರ್ಪಾಲು ತೋರಿಸಿ, "ಇದೇನು, ನಮ್ಮ ಟೊಳ್ಳು ವೀರಪ್ಪನಾ?" ಎಂದಿರಿ. ಹೂಂ ಎಂದೆ. ಎಷ್ಟೋ ದಿನದ ಮೇಲೆ ಸ್ವಲ್ಪ ನಕ್ಕಿರಿ. ಅದರ ಮೇಲೆಯೇ ಕುಳಿತುಕೊಂಡಿರಿ. ಕುಳಿತು ಹೇಳಿದಿರಿ:

"ನಾಗ, ನಿನ್ ಹತ್ರ ಒಂದ್ಮಾತು ಆಡ್ಬೇಕಿತ್ತು. ಜನ ನಿನ್ನ ಅಂತವ್ರೆ, ಮೇಷ್ಟ್ರು ಕಲ್ ಎತ್ಸಿದ್ರು ಅದಕ್ಕೇ ಹಿಂಗಾಯ್ತು ಅಂತ. ನೀನು ಮನ್ಸಿಗೆ ಹಚ್ಕೋಬೇಡ. ನೀನು ಕೇಳ್ದೆ, ಕೊಟ್ಟೋನು ನಾನು. ನಮ್ಮೋನು ಸಿನಿಮಾದಲ್ಲಿ ಬರ್ತಾನೆ ಅಂತ ಆಸೆ ಬಿದ್ಬಿಟ್ಟೆ ಕಣಪ್ಪ. ಅವನು ನನ್ ಜೊತೆ ಮಾತು ಬಿಟ್ಟವ್ನೆ. ಅದು ನನ್ನಿಂದ. ನಿನಗೆ ಕೆಟ್ಟೆಸರು ಬಂತು, ಅದಕ್ಕೆ…"

ಅದಕ್ಕೆ ಕ್ಷಮೆ ಕೇಳಲು ಬಂದಿದ್ದಿರಿ. ನನ್ನಿಂದ. ನಿಮ್ಮ ವೀರಪ್ಪನ ಎದೆಯ ಮೇಲೆ ಕುಳಿತು.

ಆಗ ಟಾರ್ಪಾಲು ಎತ್ತಿದ್ದರೆ ಸಾಕಿತ್ತು. ಮಾತೂ ಬೇಕಿರಲಿಲ್ಲ. ನಾನು, "ಒಳಗೆ ಬನ್ನಿ ಭಾವ, ಕಾಫಿ ಆರುತ್ತೆ" ಎಂದೆ.

ಇದಕ್ಕಿಂತ ದೊಡ್ಡ ತಪ್ಪು ನನ್ನದು ಯಾವುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಲ್ಲು ಒಡೆದದ್ದು ಸೋಮಾರಿತನ. ನಕಲು ನಿಲ್ಲಿಸಿದ್ದು ಹೆದರಿಕೆ. ಆ ಕಾಫಿಗೆ ಕರೆದದ್ದು — ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಅದಾದ ಮೇಲೆ ಕಾಲೇಜಿನ ಮಕ್ಕಳು ಮನೆಗೆ ಬಂದಾಗ ಒಬ್ಬಳು ಟಾರ್ಪಾಲಿನ ಅಂಚು ಎತ್ತಿ, "ಸಾರ್, ಇದು ಒರಿಜಿನಲ್ಲಾ?" ಎಂದು ಕೇಳಿದಳು. ಸಿನಿಮಾದ ನಕಲು ಎಂದೆ. ಅಕ್ಷರ ನೋಡಿದಳು, ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದಳು. ನಕಲನ್ನು ನಿಜವೆಂದು ನಿಮಗೆ ಕೊಟ್ಟವನು, ನಿಜವನ್ನು ನಕಲೆಂದು ಆ ಹುಡುಗಿಗೆ ಕೊಟ್ಟೆ. ಪಾಠ ಮಾತ್ರ ನಡೆಯುತ್ತಿತ್ತು, ತಪ್ಪಿಲ್ಲದೆ. ಟೀವಿಯಲ್ಲಿ ಯುದ್ಧದ ಸಿನಿಮಾ ಬಂದರೆ ನಾನು ಏನೂ ಅನ್ನುವುದಿಲ್ಲ ಎಂದು ನನ್ನ ಹೆಂಡತಿ ಗಮನಿಸಿದ್ದಾಳೆ. ಮೆಣಸಿನಕಾಯಿ ಬರಲಿ, ಪರಂಗಿಯವರೇ ಬರಲಿ. ವಯಸ್ಸಾಯಿತು ಎಂದುಕೊಂಡಿದ್ದಾಳೆ.

ಹೋದ ವಾರ ಶೋಭಾ ಫೋನು ಮಾಡಿದಳು. ಕಾರ್ಖಾನೆಯಲ್ಲೇ ಕೆಲಸ ಮಾಡುವ ಮಂಜುನಾಥ ಎಂಬ ಹುಡುಗನ ಸುದ್ದಿ ನಿಮಗೂ ಗೊತ್ತು, ನಿಮಗೂ ಅಕ್ಕನಿಗೂ ಒಪ್ಪಿಗೆಯಾಗಿದೆ ಎಂದಳು. ಆದರೆ ಬರುವ ಸೋಮವಾರ ನೀವು ಹೂ ಕೇಳುತ್ತೀರಿ.

"ಮಾಮ, ಅಪ್ಪಂಗೆ ನೀನು ಹೇಳು. ನೀನು ಹೇಳಿದ್ರೆ ಕೇಳ್ತಾರೆ. ಇದೆಲ್ಲ ಮೂಢನಂಬಿಕೆ, ಹೂ ಗೀ ಬೇಡ ಅನ್ನು. ಈ ಸಲಾನೂ ಬೀಳ್ಲಿಲ್ಲ ಅಂದ್ರೆ ನಾನು ಕೇಳ್ದೇನೇ ಹೋಗಿ ಮದ್ವೆ ಆಗ್ಬಿಡ್ತೀನಿ. ಆಮೇಲೆ ಅಪ್ಪ ಬದುಕಲ್ಲ. ಅದು ಗೊತ್ತು ನಂಗೆ. ಆದ್ರೂ ಆಗ್ಬಿಡ್ತೀನಿ."

ನೋಡಿಕೊಳ್ಳುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಅನ್ನಿಸಿತು — ಎಂಥ ಸುಲಭದ ದಾರಿ ತೋರಿಸಿಬಿಟ್ಟಳು ಹುಡುಗಿ. ನಾನು ಬಂದು ವಿಚಾರವಂತನ ಹಾಗೆ ನಾಲ್ಕು ಮಾತಾಡುವುದು. ಕಲ್ಲಿಗೂ ಹೂವಿಗೂ ಮಾತು ಬರುವುದಿಲ್ಲ ಎನ್ನುವುದು. ನೀವು ತಲೆಬಗ್ಗಿಸಿ ಒಪ್ಪಿಕೊಳ್ಳುತ್ತೀರಿ, ಮದುವೆ ಆಗುತ್ತದೆ, ಮುಂದೆ ಕೂರುವ ಸೋದರಮಾವ ನಾನೇ. ಮಗುವಿಗೆ ಒಂದು ದಾರಿ ಮಾಡಿಕೊಟ್ಟ ಎಂದು ಅಕ್ಕ ಹರಸುತ್ತಾಳೆ. ನೀವು ಮಾತ್ರ ಬರಿಗಾಲಲ್ಲೇ ಉಳಿಯುತ್ತೀರಿ, ಹಿರೀಕನಿಗೆ ಬೇಡವಾದವನು ಎಂದುಕೊಂಡು, ಸಾಯುವ ತನಕ. ಎರಡು ದಿನ ಆ ದಾರಿಯಲ್ಲೇ ಮನಸ್ಸಿನಲ್ಲಿ ನಡೆದೆ. ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಚೆನ್ನಾಗಿಯೇ ಬಂದಿದ್ದವು.

ನನಗೆ ನಂಬಿಕೆ ಇಲ್ಲ, ನಿಜ. ಆದರೆ ನಿಮಗಿತ್ತು. ನಾನು ತೆಗೆದದ್ದು ನನ್ನ ಕಲ್ಲನ್ನಲ್ಲ. ಹೂ ಬೀಳುವುದು ನೀರಿನ ಪಸೆಯಿಂದ ಎಂದು ನನಗೆ ಅಷ್ಟು ಗಟ್ಟಿಯಾಗಿ ಗೊತ್ತಿದ್ದ ಮೇಲೆ, ಹೂ ಬೀಳದೆ ಇರುವುದು ಯಾಕೆ ಎಂದೂ ನನ್ನೊಬ್ಬನಿಗೇ ಗೊತ್ತಿತ್ತು. ಬೇವಿನ ಕೆಳಗೆ ನಿಮ್ಮ ಪಕ್ಕದಲ್ಲೇ ಕುಳಿತು ಅದನ್ನು ನೋಡಿದೆ. ಒಂದು ಸೋಮವಾರವಲ್ಲ.

ಈಗಲೂ ಎದೆ ಒಡೆದು ಅಳು ಬರುತ್ತಿಲ್ಲ, ಭಾವ. ಬಂದಿದ್ದರೆ ಬರೆದು ತೋರಿಸುತ್ತಿದ್ದೆನೇನೋ, ನೀವು ಕರಗಲಿ ಎಂದು. ಇಲ್ಲ. ಬೆಳಿಗ್ಗೆ ಟಾರ್ಪಾಲು ತೆಗೆದೆ. ನಡುವಿನ ತುಂಡನ್ನು ತೊಳೆದು ಅಂಗೈ ಇಟ್ಟು ನೋಡಿದೆ. ಅಕ್ಕ ಹೇಳಿದ ಹಾಗೆ ತಣ್ಣಗಿತ್ತು. ನುಣುಪಾಗಿತ್ತು. ಅಷ್ಟೇ ಹೇಳಬಲ್ಲೆ.

ಒಡೆದ ಕಲ್ಲನ್ನು ಏನು ಮಾಡಬೇಕು ಎಂಬುದು ನಿಮ್ಮ ಮನೆಯ ಹಿರಿಯರಿಗೆ ಬಿಟ್ಟದ್ದು. ನಾನು ಸಲಹೆ ಕೊಡುವುದಿಲ್ಲ. ನನ್ನನ್ನು ಏನು ಮಾಡಬೇಕು ಎಂಬುದೂ ಅಷ್ಟೇ. ಲೋಕೇಶನ ಸಂಬಂಧ ಯಾಕೆ ತಪ್ಪಿತು ಎಂಬುದನ್ನು ಶೋಭಾಳಿಗೆ ನಾನೇ ಹೇಳುತ್ತೇನೆ. ಅವಳು ಇನ್ನು ಮಾಮ ಅನ್ನದಿದ್ದರೆ ಅದು ಅವಳಿಗೆ ಸೇರಿದ್ದು. ಒಂದು ಮಾತ್ರ ಸೋಮವಾರಕ್ಕೆ ಮೊದಲು ನಿಮಗೆ ಮುಟ್ಟಬೇಕು. ವೀರಪ್ಪ ನಿಮ್ಮ ಜೊತೆ ಮಾತು ಬಿಟ್ಟಿಲ್ಲ. ನೀವು ಕೇಳಿದ ಜಾಗದಲ್ಲಿ ಅವನು ಇರಲೇ ಇಲ್ಲ.

ಗೂಡ್ಸ್ ಆಟೋ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ, ಊರಿನವರು ಡೈರಿಗೆ ಹಾಲು ಹಾಕಿ ಅರಳಿಕಟ್ಟೆಯ ಹತ್ತಿರ ನಿಂತಿರುವ ಹೊತ್ತಿಗೇ ಬರುತ್ತೇನೆ. ಅಡಿಯಲ್ಲಿ ಹುಲ್ಲು ಹಾಸಿ, ನಾರಿನ ಹಗ್ಗದಲ್ಲಿ ಕಟ್ಟಿ, ಜಾರಿಸಿ ಇಳಿಸಲು ಒಂದು ಮರದ ಹಲಗೆಯನ್ನೂ ಇಟ್ಟುಕೊಂಡು ತರುತ್ತೇನೆ. ಯಾರ ಮನೆ ಮುಂದೆ ಗಾಡಿ ನಿಂತರೂ ಭಾರ ಇಳಿಸಲು ಮೊದಲು ಓಡಿ ಬರುವವರು ನೀವು. ಅವತ್ತು ಬರಬೇಡಿ. ಜಗಲಿಯ ಮೇಲೇ ಕುಳಿತಿರಿ ಭಾವ, ನಾನೊಬ್ಬನೇ ಇಳಿಸುತ್ತೇನೆ.